ತೆರೇಸಾಳ ನಾಲ್ಕನೆಯ ತಾಟು

ಇಟಲಿಗೆ ಹೋಗಿಬಂದವಳು ಎಂದು ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಈಗಲೂ ಹೊಸಬರಿಗೆ ನನ್ನನ್ನು ತೋರಿಸುತ್ತಾರೆ. ಅವರು ಬಂದು ಕುಳಿತು, ಅಲ್ಲಿಯ ಅರಮನೆಗಳು ಹೇಗಿದ್ದವು, ಮೂರ್ತಿಗಳು ಹೇಗಿದ್ದವು ಎಂದು ಕೇಳುತ್ತಾರೆ. ನಾನು ನೋಡಿದ್ದು ಒಂದು ದವಾಖಾನೆ ಮತ್ತು ಒಂದು ಅಡಿಗೆಮನೆ. ಕೇಳಿದವರಿಗೆ ನಿರಾಸೆಯಾಗುತ್ತದೆ, ಚಹಾ ಕುಡಿದು ಎದ್ದು ಹೋಗುತ್ತಾರೆ. ಆ ಅಡಿಗೆಮನೆಯ ಸುದ್ದಿಯನ್ನು ಕೊನೆಯತನಕ ಕೇಳುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಬರೆದಿಡುತ್ತಿದ್ದೇನೆ. ಮುಲ್ಕಿ ಪರೀಕ್ಷೆಯಷ್ಟೇ ಪಾಸಾದವಳ ಬರಹ. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಬೇಕು.

ಮುಂಬಯಿ ಬಂದರು

ನಮ್ಮವರದು ಹತ್ತಿಯ ವ್ಯಾಪಾರ. ನಮ್ಮ ಕಡೆಯ ಹತ್ತಿ ಕೊಳ್ಳುತ್ತಿದ್ದ ಇಟಲಿಯ ಗಿರಣಿಯವರು, ಒಮ್ಮೆ ಬಂದು ನಮ್ಮ ಯಂತ್ರಗಳನ್ನು ನೋಡಿ ಹೋಗಿರಿ ಎಂದು ಬರೆದಿದ್ದರು. ಯುದ್ಧದ ಹೆಸರು ಇನ್ನೂ ಯಾರ ಬಾಯಲ್ಲೂ ಇರದ ಕಾಲ. ನಮ್ಮವರಿಗೆ ಹೋಗುವ ಹುರುಪೇನೋ ಬಹಳ, ಆದರೆ ಮನೆಯ ರೊಟ್ಟಿಯಿಲ್ಲದೆ ಮೂರು ದಿನ ತಾಳುವ ಮನುಷ್ಯರಲ್ಲ. ಹೀಗಾಗಿ ರೊಟ್ಟಿಯ ಜೊತೆಗೆ ನಾನೂ ಹೊರಟೆ.

ನೀಲಾ ನಮ್ಮ ಒಬ್ಬಳೇ ಮಗಳು. ಧಾರವಾಡಕ್ಕೆ ಕೊಟ್ಟಿದ್ದೆವು. ಆಗ ಅವಳಿಗೆ ಐದು ತಿಂಗಳು, ಚೊಚ್ಚಲು. ಏಳರಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ ತವರಿಗೆ ಕರೆತರುವುದು, ಹೆರಿಗೆ, ಬಾಣಂತನ, ಇವೆಲ್ಲ ತಾಯಿಯ ಕೆಲಸ. ಹುಬ್ಬಳ್ಳಿ ಸ್ಟೇಶನ್ನಿಗೆ ನಮ್ಮನ್ನು ಕಳಿಸಲು ಬಂದಿದ್ದಳು. ಹೆರಳಿನಲ್ಲಿ ಮಲ್ಲಿಗೆಯ ನಡುನಡುವೆ ಕಾಮಕಸ್ತೂರಿ ಸೇರಿಸಿದ ದಂಡೆ ಮುಡಿದಿದ್ದಳು.

"ಕುಬಸದ ಹೊತ್ತಿಗೆ ಬರ್ತಿಯೇನವ್ವಾ?" ಎಂದಳು.

"ಬರದ ಎಲ್ಲಿ ಹೋಗ್ತೇನಿ? ಎರಡ ತಿಂಗಳದ ಮಾತು."

"ಕುಬಸಕ್ಕ ಇಲ್ಲಂದ್ರೂ ಅಡ್ಡಿಯಿಲ್ಲ. ಹಡಿಯೂ ಹೊತ್ತಿಗೆ ನೀ ಇರಬೇಕು. ನನಗ ಅಂಜಿಕಿ ಬರ್ತದವ್ವಾ."

ಗಾಡಿ ಹೊರಟಿತು. ಕಾಮಕಸ್ತೂರಿಯ ವಾಸನೆ ಬಹಳ ಹೊತ್ತು ನನ್ನ ಸೆರಗಿನಲ್ಲಿಯೇ ಇತ್ತು.

ನಮ್ಮ ಹತ್ತಿರ ಒಳ್ಳೆಯ ಟ್ರಂಕು ಇರಲಿಲ್ಲ. ಪಕ್ಕದ ಮನೆಯ ದೇಸಾಯರ ದೊಡ್ಡ ಟ್ರಂಕನ್ನು ಎರವಲು ತಂದಿದ್ದೆವು. ಅದರ ಮುಚ್ಚಳದ ಮೇಲೆ ಅವರ ಹೆಸರು ಇಂಗ್ಲೀಷಿನಲ್ಲಿ ಬಿಳಿ ಬಣ್ಣದಿಂದ ಬರೆದಿತ್ತು. ಒಳಗೆ ನೂರಾರು ಕಟಕು ರೊಟ್ಟಿ, ಶೇಂಗಾ ಚಟ್ನಿ, ಖಾರಪುಡಿ. ಆ ಬಿಳಿ ಅಕ್ಷರಗಳು ಮುಂದೆ ನಮ್ಮನ್ನು ಪೇಚಿಗೆ ಸಿಕ್ಕಿಸುತ್ತವೆ ಎಂದು ಆಗ ಗೊತ್ತಿರಲಿಲ್ಲ.

ಮುಂಬಯಿಯಿಂದ ಹಡಗಿನಲ್ಲಿ ಎರಡು ವಾರ. ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಹಡಗು ಓಲಾಡುತ್ತಿತ್ತು, ನಮ್ಮವರು ನನ್ನ ಮೊಣಕೈ ಹಿಡಿದುಕೊಳ್ಳಬೇಕಾಗುತ್ತಿತ್ತು. ಉಳಿದದ್ದೆಲ್ಲ ನೀರು. ನೀರನ್ನು ವರ್ಣಿಸಲು ನನಗೆ ಬರುವುದಿಲ್ಲ.

ಜಿನೋವಾ, ಇಳಿದ ದಿನಗಳು

ಬಂದರದಲ್ಲಿ ಸುಂಕದವನು ಟ್ರಂಕು ತೆಗೆಸಿದ. ಒಂದು ರೊಟ್ಟಿ ಎತ್ತಿ ಪೆನ್ಸಿಲಿನಿಂದ ಟಕಟಕ ಬಾರಿಸಿದ. ಕಿವಿಯ ಹತ್ತಿರ ಹಿಡಿದ. ಏನೋ ಒಡವೆಯನ್ನು ಒಳಗಿಟ್ಟು ಬೇಯಿಸಿದ್ದೇವೆ ಎಂದು ಸಂಶಯವಿರಬೇಕು. ನಾನು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಮುರಿದು, ಅರ್ಧ ನನ್ನ ಬಾಯಿಗೆ ಹಾಕಿಕೊಂಡು ಅರ್ಧ ಅವನಿಗೆ ಕೊಟ್ಟೆ. ಕಚ್ಚಿ ನೋಡಿದ. ನಮ್ಮ ಮೇಲೆ ಬಹಳ ಕರುಣೆ ಬಂದವನಂತೆ ಟ್ರಂಕು ತಾನೇ ಮುಚ್ಚಿ ಕಳಿಸಿದ.

ಆ ಊರು ಗುಡ್ಡದ ಮೇಲೆ ಏರಿ ಕೂತ ಊರು. ಓಣಿಗಳೆಂದರೆ ಮೆಟ್ಟಿಲುಗಳೇ. ಮೂರನೆಯ ದಿನ ಮಳೆಯಲ್ಲಿ ನೆನೆದ ಹಾಲುಗಲ್ಲಿನ ಮೆಟ್ಟಿಲ ಮೇಲೆ ನಮ್ಮವರು ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು, ಎಚ್ಚರ ತಪ್ಪಿತು. ಯಾರೋ ಹೊತ್ತು ದವಾಖಾನೆಗೆ ಒಯ್ದರು. ಅಲ್ಲಿ ಬಿಳಿ ಟೊಪ್ಪಿಗೆಯ ನರ್ಸು ಕಾಗದ ಹಿಡಿದು ಅವರ ಹೆಸರು ಕೇಳಿದಳು. ಏನು ಕೇಳುತ್ತಿದ್ದಾಳೆ ಎಂಬುದು ಅವಳ ಬೆರಳಿನಿಂದಲೇ ತಿಳಿಯಿತು. ಗಂಡನ ಹೆಸರನ್ನು ನಾನು ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳಿದವಳಲ್ಲ. ಅಂಥ ಹೊತ್ತಿನಲ್ಲಿ ಹೇಳಿದರೆ ಅವರಿಗೇ ಕೆಟ್ಟದಾದೀತೆಂದು ಇನ್ನಷ್ಟು ಅಂಜಿಕೆ. ಸಾಮಾನು ತರಿಸಿದ ಮೇಲೆ ಟ್ರಂಕಿನ ಮೇಲಿನ ಅಕ್ಷರಗಳನ್ನು ತೋರಿಸಿಬಿಟ್ಟೆ. ಒಂದು ವಾರ ನಮ್ಮವರು ಅಲ್ಲಿ ದೇಸಾಯರಾಗಿ ಮಲಗಿದ್ದರು. ಹೆಸರು ಹಿಡಿದು ಕರೆದರೆ ಓಗೊಡುತ್ತಿರಲಿಲ್ಲವಾಗಿ, ಬಿದ್ದ ಪೆಟ್ಟಿಗೆ ಕಿವಿಯೂ ಹೋಗಿದೆ ಎಂದು ಡಾಕ್ಟರು ಕಿವಿಯಲ್ಲಿ ದೀಪ ಬಿಟ್ಟು ನೋಡಿದರು.

ಕಾಲಿಗೆ ಪ್ಲಾಸ್ಟರು ಹಾಕಿದರು. ಆರು ವಾರ ಅಂದರು. ಬೆರಳು ಮಡಿಚಿ ಎಣಿಸಿದೆ. ಕುಬಸ ತಪ್ಪಿತು. ಹೆರಿಗೆಗೆ ಮುಟ್ಟಬಹುದು.

ತೆರೇಸಾಳ ಮನೆ, ಮೊದಲ ರವಿವಾರ

ನಾವು ಇಳಿದುಕೊಂಡದ್ದು ತೆರೇಸಾ ಎಂಬ ವಿಧವೆಯ ಮನೆಯಲ್ಲಿ. ನಾಲ್ಕನೆಯ ಅಂತಸ್ತು. ಮೇಲೆ ಎರಡು ಕೋಣೆಗಳನ್ನು ಪರಸ್ಥಳದವರಿಗೆ ಕೊಡುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು. ಜೊತೆಗೆ ಅವಳ ತಮ್ಮ ಜಾಕೊಮೊ. ಅವನು ಮೂವತ್ತು ವರ್ಷ ಹಡಗಿನಲ್ಲಿ ಅಡಿಗೆ ಮಾಡಿದವನು. ಮುಂಬಯಿ ಬಂದರದ ಮುರುಕು ಹಿಂದುಸ್ತಾನಿ ಅವನಿಗೆ ಬರುತ್ತಿತ್ತು. ನನಗೆ ಬರುವುದು ಹುಬ್ಬಳ್ಳಿ ಪೇಟೆಯ ಹಿಂದುಸ್ತಾನಿ. ಇಬ್ಬರದೂ ಸೇರಿ ಹೇಗೋ ಒಂದು ಭಾಷೆ ಆಗುತ್ತಿತ್ತು.

ತೆರೇಸಾಳ ಅಡಿಗೆಮನೆಯ ಕಿಟಕಿಯಲ್ಲಿ ನಾಲ್ಕು ಕುಂಡಗಳು. ಮೊದಲ ಬೆಳಿಗ್ಗೆ ಕಿಟಕಿ ತೆರೆದಾಗ ಬಂದ ವಾಸನೆಗೆ ನಾನು ಅಲ್ಲಿಯೇ ನಿಂತೆ. ಕಾಮಕಸ್ತೂರಿ. ಎಲೆ ತುಸು ದೊಡ್ಡದು, ಆದರೆ ವಾಸನೆ ನೀಲಾಳ ಹೆರಳಿನದೇ. ಒಂದು ಕುಡಿ ಚಿವುಟಿ ತುರುಬಿಗೆ ಸಿಕ್ಕಿಸಿಕೊಂಡೆ. ಯಾರೂ ನೋಡಲಿಲ್ಲವೆಂದು ಕಣ್ಣೊರೆಸಿಕೊಂಡೆ. ಹಿಂದೆ ತೆರೇಸಾ ನಿಂತಿದ್ದಳು.

ರವಿವಾರ ದವಾಖಾನೆಯಿಂದ ಬಂದು ಕೋಣೆಯಲ್ಲಿ ಒಣ ರೊಟ್ಟಿ ಮುರಿಯುತ್ತಿದ್ದೆ. ತೆರೇಸಾ ಒಳಬಂದು ರೊಟ್ಟಿ ಕಸಿದುಕೊಂಡು, ಕೈ ಹಿಡಿದು ಅಡಿಗೆಮನೆಗೆ ಎಳೆದೊಯ್ದಳು. ಲಸಾನ್ಯಾ ಎಂಬ ಅವರ ಅಡಿಗೆ ಮಾಡುವುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ.

ಮೇಜಿನ ಮೇಲೆ ಗೋದಿ ಹಿಟ್ಟು ಗುಡ್ಡೆ ಹಾಕಿ, ನಡುವೆ ಕುಣಿ ಮಾಡಿ, ಮೊಟ್ಟೆ ಕೈಗೆತ್ತಿಕೊಂಡಳು. ನಾನು ಕೈ ಅಡ್ಡ ಹಿಡಿದೆ. ನನ್ನ ಮುಖ ನೋಡಿ, ಏನೂ ಕೇಳದೆ, ಮೊಟ್ಟೆಯನ್ನು ಬುಟ್ಟಿಯಲ್ಲಿ ತಿರುಗಿ ಇಟ್ಟು ನೀರು ಹಾಕಿ ಕಲಸಿದಳು. ಅಂದಿನಿಂದ ಆ ಮನೆಯಲ್ಲಿ ರವಿವಾರದ ಹಿಟ್ಟಿಗೆ ಮೊಟ್ಟೆ ಬೀಳಲಿಲ್ಲ. ನಮ್ಮ ಬೀಗರಾಗಿದ್ದರೆ ಇಷ್ಟಕ್ಕೆ ಮೂರು ದಿನ ಮಾತು ನಡೆಯುತ್ತಿತ್ತು.

ಅವಳ ಲಟ್ಟಣಿಗೆ ತೋಳಿನಷ್ಟು ಉದ್ದ. ಲಟ್ಟಿಸಿ ಲಟ್ಟಿಸಿ ಹಾಳೆಯನ್ನು ಕಿಟಕಿಗೆ ಹಿಡಿದು ನೋಡುತ್ತಾಳೆ, ಆಚೆಯ ಸಮುದ್ರ ಕಾಣಬೇಕು. ನಮ್ಮ ಮಂಡಿಗೆಯವರೂ ತಲೆದೂಗಬೇಕು, ಹಾಗೆ. ಅದನ್ನು ಅಂಗೈ ಅಗಲದ ಚೌಕಗಳಾಗಿ ಕೊಯ್ದು ಕುದಿಯುವ ನೀರಿಗೆ ಬಿಟ್ಟಳು. ಕಡಬು ಕುಚ್ಚುವುದು ನನಗೆ ಗೊತ್ತು. ಹೂರಣವಿಲ್ಲದ ಬರಿಯ ಹಾಳೆಯನ್ನು ನೀರಿಗೆ ಹಾಕಿದ್ದು ನೋಡಿ, ಇಷ್ಟು ಲಟ್ಟಿಸಿದ್ದೆಲ್ಲ ಹಾಳಾಯಿತಲ್ಲ ಎಂದು ಹಳಹಳಿಸಿದೆ.

ಆಮೇಲೆ ಕುಂಡಗಳ ಕಾಮಕಸ್ತೂರಿಯನ್ನು ಬುಟ್ಟಿ ತುಂಬ ಕಿತ್ತಳು. ನಮ್ಮಲ್ಲಿ ಮುಡಿಯುವುದು, ಅವರಲ್ಲಿ ಅರೆಯುವುದು. ಹಾಲುಗಲ್ಲಿನ ಒರಳಿನಲ್ಲಿ ಬೆಳ್ಳುಳ್ಳಿ, ಉಪ್ಪು, ಯಾವುದೋ ಮರದ ಸಣ್ಣ ಬೀಜ ಹಾಕಿ, ಎಲೆ ಹಾಕಿ, ಕಟ್ಟಿಗೆಯ ಸಣ್ಣ ಒನಕೆಯಿಂದ ಮೆತ್ತಗೆ ತಿರುವಿದಳು. ಎಣ್ಣೆ, ತುರಿದ ಚೀಜು ಬೆರೆಸಿದಳು. ಇತ್ತ ಹಾಲಿನಲ್ಲಿ ಬೆಣ್ಣೆ, ಹಿಟ್ಟು ಕುದಿಸಿ ಬಿಳಿಯ ಗಂಜಿಯಂಥದ್ದು ಮಾಡಿದಳು. ಕೌದಿಗೆ ಹಳೆಯ ಸೀರೆ ಹಾಸುವ ಹಾಗೆ ತಗಡಿನ ತಾಟಿನಲ್ಲಿ ಹಾಳೆ, ಬಿಳಿಯದು, ಹಸಿರು ಚಟ್ನಿ, ಮತ್ತೆ ಹಾಳೆ, ಹೀಗೆ ಏಳು ಪದರು. ಒಲೆಯ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರೊಳಗಿಟ್ಟು ಬಾಗಿಲು ಮುಚ್ಚಿದಳು.

ಹೊರತೆಗೆದಾಗ ಮೇಲೆ ಕೆಂಪಗೆ ಹೊಪ್ಪಳಿಕೆ ಕಟ್ಟಿತ್ತು. ಮೇಜಿನ ಮೇಲೆ ನಾಲ್ಕು ತಾಟುಗಳು. ಇದ್ದವರು ನಾವು ಮೂವರು. ಕಿಟಕಿಯ ಪಕ್ಕದ ಕುರ್ಚಿಯ ಮುಂದೆ ಇದ್ದ ತಾಟಿಗೆ ಮೊಟ್ಟಮೊದಲು ಬಡಿಸಿದಳು, ಅದೂ ಎಲ್ಲಕ್ಕಿಂತ ಛಲೋ ಕೆಂಪಾದ ಮೂಲೆಯ ತುಂಡು. ನನಗೆ ಸಂತೋಷವಾಯಿತು. ಇಷ್ಟು ದೂರದ ದೇಶದಲ್ಲಿಯೂ ಅಯ್ಯನವರಿಗೆ ಮೊದಲು ಎಡೆ ಮಾಡುವ ಪದ್ಧತಿ ಇದೆ, ಅವರ ಅಯ್ಯನವರು ಇನ್ನೇನು ಬರುತ್ತಾರೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಜಂಗಮರು ಕೈ ಇಡುವ ಮೊದಲು ಯಾರೂ ತುತ್ತು ಎತ್ತುವುದಿಲ್ಲ. ಕೈ ತೊಡೆಯ ಮೇಲಿಟ್ಟು ಬಾಗಿಲ ಕಡೆ ನೋಡುತ್ತ ಕೂತೆ. ಅತಿಥಿ ಉಣ್ಣದೆ ತಾವು ಉಣ್ಣಬಾರದೆಂದು ಅವರೂ ಕೂತರು. ಜಾಕೊಮೊ ತಾಟನ್ನು ನೋಡುತ್ತಾನೆ, ನನ್ನನ್ನು ನೋಡುತ್ತಾನೆ. ಹೊಗೆಯಾಡುತ್ತಿದ್ದದ್ದು ಆರಿತು. ಮೇಲಿನ ಹೊಪ್ಪಳಿಕೆ ಕುಸಿಯಿತು.

ಕೊನೆಗೆ ನಾನೇ ಕೇಳಿದೆ, "ಮೆಹಮಾನ್ ಕಬ್ ಆಯೇಂಗೆ?" ಅತಿಥಿಗಳು ಯಾವಾಗ ಬರುತ್ತಾರೆ?

ಜಾಕೊಮೊ ಅಕ್ಕನಿಗೆ ತಿಳಿಸಿದ.  ತೆರೇಸಾ ಕೈಯೆತ್ತಿ ಕಿಟಕಿಯಾಚೆಯ ಸಮುದ್ರ ತೋರಿಸಿದಳು. ಆಮೇಲೆ ಎರಡೇ ಶಬ್ದ ಹೇಳಿದಳು. ಜಾಕೊಮೊ ಅದನ್ನು ನನಗೆ ಹೇಳಿದ, "ಆಜ್ ನಹೀಂ." ಇವತ್ತು ಇಲ್ಲ.

ಅದು ಅವಳ ಮಗಳು ರೀನಾಳ ತಾಟು. ಗಂಡನೊಡನೆ ಅರ್ಜೆಂಟೀನಾಕ್ಕೆ ಹೋಗಿ ಹತ್ತು ವರ್ಷ. ಹೋದದ್ದು ಒಂದು ರವಿವಾರ. ಹಡಗು ಮಧ್ಯಾಹ್ನ ಬಿಡುತ್ತದೆಂದು ತಾಯಿ ಬೆಳಿಗ್ಗೆಯೇ ಲಸಾನ್ಯಾ ಒಲೆಗೆ ಇಟ್ಟಿದ್ದಳು. ಹೊತ್ತು ಬದಲಾಯಿತೆಂದು ಬಂದರದಿಂದ ಕರೆ ಬಂತು. ಒಲೆಯ ಬಾಗಿಲು ತೆರೆಯುವ ಮೊದಲೇ ಮಗಳು ಮೆಟ್ಟಿಲಿಳಿದು ಹೋದಳು, ಉಣ್ಣದೆ. ಅಲ್ಲಿ ಮೂರು ಮಕ್ಕಳಾಗಿವೆ. ಗೋಡೆಯ ಮೇಲೆ ಅವರ ಫೋಟೋ ಇತ್ತು. ತೆರೇಸಾ ಅವರನ್ನು ನೋಡಿದ್ದು ಅಷ್ಟೇ.

ಆರಿದ ಲಸಾನ್ಯಾವನ್ನು ಅಂದು ಮೂವರೂ ಉಂಡೆವು. ರುಚಿ ಹೇಳಲಾರೆ. ಬಾಯಲ್ಲಿ ನನ್ನ ಮಗಳ ಹೆರಳಿನ ವಾಸನೆ ತುಂಬಿಕೊಂಡಿತ್ತು.

ನಾಲ್ಕನೆಯ ರವಿವಾರ

ನಮ್ಮವರನ್ನು ಬಂದರದ ಇಬ್ಬರು ಹಮಾಲರು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಅಂತಸ್ತು ಹೊತ್ತು ತಂದರು. ಆ ವಾರ ಹಾಳೆ ಲಟ್ಟಿಸುವ ಕೆಲಸ ನನ್ನದಾಗಿತ್ತು. ತೆರೇಸಾಳ ಕಣ್ಣು ತಪ್ಪಿಸಿ ಬಿಳಿ ಗಂಜಿಗೆ ನಮ್ಮ ಖಾರಪುಡಿ ಒಂದು ಚಿಟಿಕೆ ಹಾಕಿದೆ. ಜಾಕೊಮೊ ಎರಡು ಸಲ ಬಡಿಸಿಕೊಂಡ. ತೆರೇಸಾ ಮೂರು ಲೋಟ ನೀರು ಕುಡಿದು, ಕಣ್ಣೊರೆಸಿಕೊಂಡು, ನನ್ನ ಡಬ್ಬಿಯನ್ನು ಎತ್ತರದ ಮಾಡದಲ್ಲಿ ಇಟ್ಟುಬಿಟ್ಟಳು.

ಅದೇ ವಾರ ನೀಲಾಳ ಕಾಗದ ಬಂತು. ಕುಬಸವನ್ನು ಅತ್ತೆಯೇ ಮಾಡಿದರಂತೆ, ಏನೂ ಕಡಿಮೆ ಮಾಡಲಿಲ್ಲವಂತೆ. ಕಡೆಗೆ ಬರೆದಿದ್ದಳು: ‘ಎಲ್ಲಾರೂ ಬಂದಿದ್ರು. ಆರತಿ ಮಾಡೂ ಮುಂದ ನಾ ಬಾಗಲಾ ನೋಡ್ಲಿಕ್ಕೆ ಹತ್ತಿದ್ದೆ. ನೀ ಯಾವಾಗ ಬರ್ತಿ?’ ಆ ಕಾಗದ ಓದಿ ಓದಿ ಮಡಿಕೆಯಲ್ಲಿ ಹರಿಯಿತು. ಮಗಳು ಕರೆಯುತ್ತಿದ್ದಾಳೆ, ನಾನು ಪರದೇಶದಲ್ಲಿ ಹಿಟ್ಟು ಲಟ್ಟಿಸುತ್ತ ಕೂತಿದ್ದೇನೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಆರನೆಯ ವಾರ

ಪ್ಲಾಸ್ಟರು ಬಿಚ್ಚಿದ ಡಾಕ್ಟರು ತಲೆಯಾಡಿಸಿದರು. ಎಲುಬು ಕೂಡಿರಲಿಲ್ಲ. ಮತ್ತೆ ಕಟ್ಟಿದರು. ಇನ್ನೂ ಎರಡು ತಿಂಗಳು ಅಂದರು. ಈ ಸಲ ಬೆರಳು ಎಣಿಸುವ ಅಗತ್ಯ ಬೀಳಲಿಲ್ಲ. ಎರಡು ತಿಂಗಳು ಕಳೆದು ಹೊರಟರೆ ಹೆರಿಗೆ ಆಗಿ ಹೋಗಿರುತ್ತದೆ.

"ನೀ ಮುಂದಿನ ಹಡಗಿಗೆ ಹೋಗು," ಎಂದರು ನಮ್ಮವರು. "ನನ್ನ ಕಾಲೇನು ಓಡಿ ಹೋಗಾಂಗಿಲ್ಲ."

"ನಿಮ್ಮನ್ನ ಹಿಂಗ ಬಿಟ್ಟು ಹ್ಯಾಂಗ ಹೋಗ್ಲಿ? ಮಂದಿ ಏನಂದಾರು?"

"ಮಂದಿ ಎಲ್ಲಿ ಅದಾರ ಇಲ್ಲೆ? ಇದ್ದವರಿಗೆ ನಮ್ಮ ಮಾತ ತಿಳಿಯಾಂಗಿಲ್ಲ."

"ಊಟಾ ಏನ ಮಾಡ್ತೀರಿ? ನೀರು ಯಾರು ಕೊಡ್ತಾರ? ನಾ ಒಬ್ಬಾಕಿ ಹಡಗಿನ್ಯಾಗ ಹೋಗ್ಲೇನು? ಬ್ಯಾಡ್ರಿ. ಆಕಿಗೆ ಅತ್ತಿ ಅದಾರ. ಮುಂದಿನ ಬಾಣಂತನಾ ನಾ ಮಾಡ್ತೇನಿ."

ಹಾಗೆಂದುಬಿಟ್ಟೆ. ಹೊರಗೆ ಬಂದು ಅಡಿಗೆಮನೆಯ ಕಿಟಕಿಯಲ್ಲಿ ನಿಂತೆ. ಜಾಕೊಮೊ ಏನಾಯಿತೆಂದು ಕೇಳಿದ, ಹೇಳಿದೆ. ಅವನು ಅಕ್ಕನಿಗೆ ಹೇಳಿದ.

ತೆರೇಸಾ ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲಿ ಹಳದಿಯಾದ ಒಂದು ಕಾಗದವಿತ್ತು. ನನ್ನ ಮುಂದೆ ಇಟ್ಟಳು. ಹಡಗಿನ ಟಿಕೀಟು. ರೀನಾಳ ಚೊಚ್ಚಲ ಹೆರಿಗೆಗೆ ಹೋಗಬೇಕೆಂದು ತೆಗೆಸಿದ್ದಳಂತೆ. ಆಗ ಗಂಡ ಹಾಸಿಗೆ ಹಿಡಿದ. ಬಿಟ್ಟು ಹೇಗೆ ಹೋಗಲಿ, ಮುಂದಿನ ಕೂಸಿಗೆ ಹೋದರಾಯಿತು ಎಂದು ಟಿಕೀಟು ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಗಂಡ ಹೋದ. ಕೈಯಲ್ಲಿ ಏನೂ ಉಳಿಯಲಿಲ್ಲ. ಎರಡನೆಯದೂ ಹುಟ್ಟಿತು, ಮೂರನೆಯದೂ ಹುಟ್ಟಿತು.

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ತನ್ನ ಭಾಷೆಯಲ್ಲಿಯೇ ನಿಧಾನವಾಗಿ ಮಾತಾಡಿದಳು. ನಡುನಡುವೆ ಜಾಕೊಮೊ ಹಿಂದುಸ್ತಾನಿಯಲ್ಲಿ ಹೇಳುತ್ತ ಹೋದ. ನಿನ್ನ ಗಂಡನನ್ನು ನಾವು ನೋಡಿಕೊಳ್ಳುತ್ತೇವೆ, ಮೊಟ್ಟೆ ಹಾಕುವುದಿಲ್ಲ, ನೀನು ನನ್ನ ಹಾಗೆ ಮಾಡಬೇಡ, ಎಂದು. ಮಗಳು ಬಾಗಿಲು ನೋಡುತ್ತಿದ್ದಾಳೆ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಅವಳೇ ಹೇಳಿದಳು.

ಹೊರಟ ರವಿವಾರ

ಹಡಗು ಮಧ್ಯಾಹ್ನಕ್ಕೆ. ತೆರೇಸಾ ನಸುಕಿನಲ್ಲಿಯೇ ಎದ್ದು ಹಿಟ್ಟು ಕಲಸಿದ್ದಳು. ನಾನು ಲಟ್ಟಿಸಿದೆ, ಅವಳು ಅರೆದಳು. ಲಸಾನ್ಯಾ ಒಲೆಯಲ್ಲಿದ್ದಷ್ಟು ಹೊತ್ತೂ ಅವಳು ಬಾಗಿಲಿಗೂ ಒಲೆಗೂ ತಿರುಗಾಡುತ್ತಿದ್ದಳು. ಜಾಕೊಮೊನನ್ನು ಎರಡು ಸಲ ಬಂದರಕ್ಕೆ ಓಡಿಸಿ, ಹೊತ್ತು ಬದಲಾಗಿಲ್ಲ ತಾನೇ ಎಂದು ಕೇಳಿಸಿಕೊಂಡು ಬರಲು ಹೇಳಿದಳು.

ತೆಗೆದು ಮೇಜಿನ ಮೇಲಿಟ್ಟು, ಆ ದಿನ ನನ್ನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಕೆಂಪಾದ ಮೂಲೆಯ ತುಂಡು ನನಗೆ. ನಾನು ಉಣ್ಣುವುದನ್ನು ನಿಂತೇ ನೋಡಿದಳು. ತಾಟಿನಲ್ಲಿ ಉಳಿದ ಹಸಿರನ್ನೂ ಬೆರಳಿನಿಂದ ಬಳಿದು ತಿನ್ನುವವರೆಗೆ ಕದಲಲಿಲ್ಲ. ಆಮೇಲೆ ಕುಂಡದ ಒಂದು ಕುಡಿ ಚಿವುಟಿ ನನ್ನ ತುರುಬಿಗೆ ಸಿಕ್ಕಿಸಿ, ಇನ್ನೊಂದನ್ನು ತನ್ನ ನರೆಗೂದಲಿಗೆ ಸಿಕ್ಕಿಸಿಕೊಂಡಳು. ಇಬ್ಬರೂ ಅತ್ತೆವು. ಒಳಗಿನ ಕೋಣೆಯಿಂದ ನಮ್ಮವರು, "ಲಗೂ ಮಾಡ್ರಿ, ಹಡಗ ಹೋದೀತು," ಎಂದು ಕೂಗುತ್ತಿದ್ದರು, ಅವರ ದನಿಯೂ ಸರಿಯಿರಲಿಲ್ಲ.

ಹುಬ್ಬಳ್ಳಿ

ಧಾರವಾಡದಿಂದ ನೀಲಾಳನ್ನು ಕರೆತಂದು ಮೂರು ವಾರಕ್ಕೆ ಬೇನೆ ಶುರುವಾಯಿತು. ಒಂದು ಹಗಲು, ಒಂದು ರಾತ್ರಿ ತೆಗೆದುಕೊಂಡಿತು. ಸೂಲಗಿತ್ತಿಯ ಮುಖ ಕಪ್ಪಿಟ್ಟದ್ದನ್ನು ನಾನು ನೋಡಿದೆ. ನೀಲಾ ನನ್ನ ಕೈ ಬಿಡಲಿಲ್ಲ, ಮಣಿಕಟ್ಟಿನ ಮೇಲೆ ಅವಳ ಉಗುರಿನ ಗುರುತು ಈಗಲೂ ಇದೆ. ಹೆಣ್ಣು ಹುಟ್ಟಿತು. ಕಸ್ತೂರಿ ಎಂದು ಹೆಸರಿಟ್ಟೆವು. ಯಾಕೆಂದು ನೀಲಾಳ ಅತ್ತೆ ಕೇಳಿದರು, ಛಲೋ ಹೆಸರು ಎಂದಷ್ಟೇ ಹೇಳಿದೆ.

ನಮ್ಮವರು ಕೋಲೂರಿಕೊಂಡು ಬಂದಾಗ ಮೊಮ್ಮಗಳಿಗೆ ಎರಡು ತಿಂಗಳು. ಮೈ ಕೈ ತುಂಬಿಕೊಂಡಿದ್ದರು. ಒರಳಿನಲ್ಲಿ ಹಸಿರು ಚಟ್ನಿ ಅರೆಯುವುದನ್ನೂ ಕಲಿತುಬಂದಿದ್ದರು. ಕಿಸೆಯಲ್ಲಿ ತೆರೇಸಾ ಕೊಟ್ಟ ಕಾಮಕಸ್ತೂರಿ ಬೀಜದ ಪೊಟ್ಟಣ.

"ಇನ್ನೊಂದ ಸುದ್ದಿ," ಎಂದರು. "ಈಗ ರವಿವಾರ ಆಕಿ ತನ್ನ ಮಗಳಿಗೆ ಒಂದ, ನಿನಗ ಒಂದ, ಎರಡ ತಾಟ ಹೆಚ್ಚಿಗಿ ಇಡಲಿಕ್ಕೆ ಹತ್ಯಾಳ."

ಅಂದಿನಿಂದ ನಮ್ಮ ಮನೆಯಲ್ಲಿಯೂ ತಿಂಗಳಿಗೊಂದು ರವಿವಾರ ಲಸಾನ್ಯಾ. ಚೀಜಿನ ಬದಲು ಕೆನೆಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಸಿದ ಗಟ್ಟಿ. ಅವರ ಮರದ ಬೀಜದ ಬದಲು ಶೇಂಗಾ, ಅವರ ಎಣ್ಣೆಯ ಬದಲು ಕುಸುಬಿ ಎಣ್ಣೆ. ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ. ತೆರೇಸಾ ಕಂಡರೆ ಲಟ್ಟಣಿಗೆ ಎತ್ತಿಕೊಂಡಾಳು. ಆದರೆ ಮೇಲಿನ ಹೊಪ್ಪಳಿಕೆ ಕೆಂಪಗೆ ಬರುತ್ತದೆ, ಕೆಂಪಾದ ಮೂಲೆಯ ತುಂಡು ಅವಳಿಗೆಂದು ನಾವು ಇಡುವ ತಾಟಿಗೆ ಹೋಗುತ್ತದೆ.

ಅವಳ ಕಾಗದಗಳು ವರ್ಷಕ್ಕೆ ಎರಡು ಬರುತ್ತಿದ್ದವು. ಯುದ್ಧ ಶುರುವಾಯಿತು, ಅವರ ದೇಶ ನಮ್ಮ ಸರಕಾರದ ವೈರಿಯಾಯಿತು. ನಾನು ಬರೆದ ಕಾಗದ ಮೇಲೆ ಮುದ್ರೆ ಹೊತ್ತು ತಿರುಗಿ ಬಂತು. ಆ ಬಂದರದ ಊರಿನ ಮೇಲೆ ಗುಂಡು ಬಿದ್ದವೆಂದು ಪತ್ರಿಕೆಯಲ್ಲಿ ಓದಿದೆವು. ಯಾವ ಓಣಿ, ಯಾವ ಮನೆ ಎಂದು ಪತ್ರಿಕೆಯವರು ಬರೆಯುವುದಿಲ್ಲ. ಮೂರು ವರ್ಷವಾಯಿತು, ಅವಳು ಇದ್ದಾಳೋ ಇಲ್ಲವೋ ನನಗೆ ತಿಳಿಯದು. ಅವಳ ಬೀಜದಿಂದ ಬೆಳೆದ ಹಿತ್ತಲಿನ ಕುಂಡಕ್ಕೆ ದಿನಾ ನೀರು ಹಾಕುತ್ತೇನೆ.

ಕಳೆದ ರವಿವಾರ ಅಡಿಗೆಯಾಗುವ ಹೊತ್ತಿಗೆ, ಹೇಳಿಕಳಿಸದಿದ್ದರೂ, ನಮ್ಮ ಅಯ್ಯನವರು ಬಂದರು. ಬಹಳ ಮುಪ್ಪಿನವರು. ಪಾದ ತೊಳೆದು ಮಣೆ ಹಾಕಿ ಕೂರಿಸಿದೆ. ಅಷ್ಟರಲ್ಲಿ, ಈ ಊಟಕ್ಕೆಂದು ತಿಂಗಳಿಗೊಮ್ಮೆ ಧಾರವಾಡದಿಂದ ಬರುವ ನೀಲಾ ಎಂದಿನಂತೆ ಕಿಟಕಿಯ ಕೆಳಗೆ ಮಣೆಯಿಟ್ಟು, ತಾಟಿಟ್ಟು, ಮೂಲೆಯ ತುಂಡು ಬಡಿಸಿಬಿಟ್ಟಿದ್ದಳು. ಅಯ್ಯನವರಿಗೂ ಬಡಿಸಿದೆವು. ಅವರು ಕೈ ಚಾಚಿದವರು ಖಾಲಿ ಮಣೆಯನ್ನು ನೋಡಿ ತಡೆದರು.

"ಅದು ಯಾರ ತಾಟವ್ವಾ?"

"ನಮ್ಮ ಅಕ್ಕಂದ್ರಿ, ಅಯ್ಯನವರ. ದೂರದ ಊರಾಕಿ."

ಅಯ್ಯನವರು ಚಾಚಿದ ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹಂಗಾರ ಬರ್ಲಿ. ಆಕಿಗೂ ಎಡಿ ಮಾಡೀರಿ, ಆಕಿನ್ನ ಬಿಟ್ಟು ನಾ ಹ್ಯಾಂಗ ಉಣ್ಲಿ? ನನಗೇನೂ ಅವಸರ ಇಲ್ಲ," ಎಂದು ಬಾಗಿಲ ಕಡೆ ನೋಡುತ್ತ ಕೂತರು.

ನಮ್ಮವರು ತಲೆ ತಗ್ಗಿಸಿದರು. ನೀಲಾ ಸೌಟು ಹಿಡಿದು ನಿಂತಿದ್ದಳು. ಬಿಸಿ ಆರುತ್ತಿತ್ತು. ನನ್ನ ಕೈ ತಾನಾಗಿಯೇ ಕಿಟಕಿಯ ಕಡೆಗೆ ಎದ್ದಿತು. ನಮ್ಮ ಕಿಟಕಿಯಾಚೆ ಸಮುದ್ರವಿಲ್ಲ, ದೇಸಾಯರ ಹಿತ್ತಲ ಗೋಡೆ ಇದೆ.

"ಉಣ್ರಿ ಅಯ್ಯನವರ," ಎಂದೆ. "ಆಕಿ ಇವತ್ತ ಬರಾಂಗಿಲ್ಲ."

ಬರುವುದಿಲ್ಲ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ‘ಇವತ್ತ’ ಎಂಬುದನ್ನು ಬಿಡಲು ನನ್ನಿಂದ ಆಗಲಿಲ್ಲ.